ಗಿಸು ಮಾತಾಡಿಸದ ದಿನ

ಮೆಂಗ್ ಗಿಸು ನಮ್ಮನೆಯಲ್ಲಿದ್ದ ಮೊದಲ ವರ್ಷ ಅಂಗಾತ ಮಲಗಿದ್ದನ್ನು ನಾನು ಕಂಡಿದ್ದೇ ಇಲ್ಲ. ಯಾವಾಗ ನೋಡಿದರೂ ಬೋರಲು. ಸೊಂಟದಿಂದ ಮಂಡಿಯವರೆಗೆ ಹಿಂಭಾಗವೆಲ್ಲ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಬಿದ್ದು ಆದದ್ದಲ್ಲ, ಚೆಂಡು ತಗುಲಿ ಆದದ್ದೂ ಅಲ್ಲ. ಅವನದೇ ತಂಡದವರು ಬ್ಯಾಟಿನಲ್ಲಿ ಬಾರಿಸಿ ಬಾರಿಸಿ ಆದದ್ದು.

ಆಟ ಸೋತ ದಿನ ಏಟು. ಅದು ನಮ್ಮೂರು ಮಾಸಾನಿನ ತಂಡದ ಪದ್ಧತಿ. ನಮ್ಮದೇ ಯಾಕೆ, ಸಂಬಳದ ಬೇಸ್‌ಬಾಲ್ ಹೊಸದಾಗಿ ಶುರುವಾಗಿದ್ದ ಆ ಕಾಲದಲ್ಲಿ ಎಲ್ಲ ತಂಡದವರದ್ದೂ ಅದೇ ಹಾಡು. ಹಿರಿಯನಾದವನು ತನಗಿಂತ ಕಿರಿಯನನ್ನು ಗೋಡೆಗೆ ಕೈಯೂರಿಸಿ ನಿಲ್ಲಿಸಿ ಹೊಡೆಯುವುದು, ಆ ಕಿರಿಯ ತನಗಿಂತ ಕಿರಿಯನನ್ನು ನಿಲ್ಲಿಸಿ ಹೊಡೆಯುವುದು. ಸಾಲಿನ ಕೊನೆಯವನಿಗೆ ಹೊಡೆಯಲು ಯಾರೂ ಇಲ್ಲ, ತಿನ್ನಲು ಮಾತ್ರ ಎಲ್ಲರ ಪಾಲೂ ಉಂಟು. ಆ ಕೊನೆಯವನು ಗಿಸು. ಸಾಲದೆಂದು ಅವನು ಕ್ಯಾಚರ್ ಬೇರೆ. ಪಿಚರ್ ಎಸೆದ ಚೆಂಡನ್ನು ಎದುರಾಳಿ ಬೇಲಿ ಆಚೆಗೆ ಹಾರಿಸಿದರೆ ತಪ್ಪು ಯಾರದು ಹೇಳಿ? ಎಸೆದವನದಲ್ಲವಂತೆ! ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ತೊಡೆ ಸಂದಿಯಲ್ಲಿ ಬೆರಳು ತೋರಿಸಿ, ಇಂಥ ಚೆಂಡೇ ಎಸೆ ಅಂತ ಸನ್ನೆ ಮಾಡಿದವನು ಕ್ಯಾಚರ್ ತಾನೆ, ಅದಕ್ಕೇ ತಪ್ಪು ಅವನದಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನಾನು ಸ್ಟೇಡಿಯಮ್ಮಿನ ಹಿಂದಿನ ಬೀದಿಯಲ್ಲಿ ಮೀನಿನ ಸಾರಿನ ಅಂಗಡಿ ಇಟ್ಟಿದ್ದೆ. ಮಹಡಿ ಮೇಲಿನ ಕೋಣೆಗಳಲ್ಲಿ ತಂಡದ ಕಿರಿಯ ಆಟಗಾರರು ಇರುತ್ತಿದ್ದರು. ಊಟ, ತಿಂಡಿ, ಬಟ್ಟೆ ಒಗೆತ ಎಲ್ಲ ನನ್ನದೇ. ಏಟು ತಿಂದು ಬಂದವರ ಮೈಮೇಲೆ ಬೇಯಿಸಿದ ಬಿಸಿ ಮೊಟ್ಟೆ ಉರುಳಿಸಿ ಬಾವು ಇಳಿಸುವುದೂ ನನ್ನ ಪಾಲಿಗೇ ಬಂದಿತ್ತು. ನನ್ನ ಬಾಯಿ ಗೊತ್ತಲ್ಲ, ಮೊಟ್ಟೆ ಉರುಳುವಷ್ಟು ಹೊತ್ತೂ ಬೈಗುಳ ಉರುಳುತ್ತಿತ್ತು.

"ಎಷ್ಟು ದಿನ ಅಂತ ತಿಂತೀಯೋ ಹೀಗೆ? ಬಾಯಿಲ್ವಾ ನಿಂಗೆ?"

"ಬಾಯಿದೆ ಚಿಕ್ಕಮ್ಮ. ತೆಗೆದ್ರೆ ಇನ್ನೊಂದು ಬೀಳುತ್ತೆ."

"ಊರಿಗೆ ಹೋಗಿ ನಿಮ್ಮಮ್ಮನ ಜೊತೆ ಮೀನು ಒಣಗಿಸಬಾರ್ದಾ?"

"ಒಣಗಿಸಿದ ಮೀನನ್ನೂ ಬಡಿಗೇಲೇ ಬಡೀತಾರೆ ಚಿಕ್ಕಮ್ಮ. ಎಲ್ಲಿ ಹೋದ್ರೂ ನನ್ನ ಹಣೆಬರಹ ಇಷ್ಟೇ," ಅಂತ ನಗುವುದು. ನಕ್ಕರೆ ತೊಡೆ ಎಳೆಯುತ್ತೆ ಅಂತ ಮತ್ತೆ ಮುಖ ಹಿಂಡುವುದು.

ತಂಡದಲ್ಲಿ ಅವನು ಮೂರನೇ ಕ್ಯಾಚರ್. ಅಂದರೆ ಆಟಕ್ಕಿಲ್ಲ, ಅಭ್ಯಾಸದಲ್ಲಿ ಚೆಂಡು ಹಿಡಿದು ಹಿಡಿದು ವಾಪಸ್ ಕೊಡುವ ಆಳು. ಆ ವರ್ಷ ಎರಡನೆಯವನು ಸೈನ್ಯಕ್ಕೆ ಹೋದ. ಮಳೆಗಾಲಕ್ಕೆ ಮುಂಚೆ ಮೊದಲನೆಯವನ ಬೆರಳು ಮುರಿಯಿತು. ತಂಡವನ್ನು ಆಡಿಸುವ ಮ್ಯಾನೇಜರ್ ಪ್ಯೋ ನನ್ನ ಅಂಗಡಿಯಲ್ಲೇ ಗಿಸುವನ್ನು ಎದುರು ನಿಲ್ಲಿಸಿಕೊಂಡು ಹೇಳಿದ: "ಅದೃಷ್ಟ ಕಣೋ ನಿಂದು. ಈ ಸೀಸನ್ ಮುಗಿಯೋವರೆಗೂ ಕ್ಯಾಚರ್ ಜಾಗದಲ್ಲಿ ಕೂತ್ಕೊಂಡು ತೋರ್ಸು. ಚೆನ್ನಾಗಿ ಮಾಡಿದ್ರೆ ಮುಂದಿನ ವರ್ಷಕ್ಕೂ ಜಾಗ. ಇಲ್ಲಾಂದ್ರೆ ತಲೆ ಬೋಳಿಸ್ಕೊಂಡು ಸೈನ್ಯಕ್ಕೆ ಹೊರಡು." ಸೈನ್ಯಕ್ಕೆ ನಮ್ಮ ಗಂಡುಮಕ್ಕಳೆಲ್ಲ ಹೋಗಲೇಬೇಕು, ಅದೇನು ದೊಡ್ಡ ಮಾತಲ್ಲ. ಆದರೆ ಹೆಸರಿಲ್ಲದ ಕ್ಯಾಚರ್ ಅಷ್ಟು ವರ್ಷ ಬಂದೂಕು ಹೊತ್ತು ಬಂದರೆ ಅವನ ಗ್ಲೌಸು ಯಾವನ ಕೈಯಲ್ಲೋ ಇರುತ್ತೆ. ಇದು ಗಿಸುವಿಗೂ ಗೊತ್ತು, ಪ್ಯೋಗೂ ಗೊತ್ತು. ಅವತ್ತಿನಿಂದ ಗಿಸುವಿಗೆ ಬದುಕೆಂದರೆ ಆ ಜಾಗ. ಅನ್ನ ಕಲೆಸುವಾಗಲೂ ಬೆರಳು ಸನ್ನೆ ಮಾಡುತ್ತಿದ್ದವು.

ಚೆನ್ನಾಗಿಯೇ ಆಡಿದ. ಮೈಯನ್ನೇ ಗೋಡೆ ಮಾಡಿಕೊಂಡು ಕೂರುತ್ತಿದ್ದ. ಎದೆಗೆ ಬಿದ್ದರೂ ಸರಿ, ಗಂಟಲಿಗೆ ಬಿದ್ದರೂ ಸರಿ, ಚೆಂಡು ಹಿಂದಕ್ಕೆ ಹೋಗಬಾರದು. ಓಟ ಗಳಿಸಲು ಓಡಿಬರುವ ಎದುರಾಳಿ ಎಮ್ಮೆಯ ಹಾಗೆ ಗುದ್ದಿದರೂ ಕೈಯಲ್ಲಿದ್ದ ಚೆಂಡು ಬಿಡುತ್ತಿರಲಿಲ್ಲ. ಒಮ್ಮೆ ಹಾಗೆ ಗುದ್ದಿಸಿಕೊಂಡು ಹಲ್ಲು ಉದುರಿತು. ಹಲ್ಲನ್ನು ಉಗಿದು, ಚೆಂಡನ್ನು ಎತ್ತಿ ಅಂಪೈರಿಗೆ ತೋರಿಸಿದ. ಅಬ್ಬಾ, ಏನು ಮೊಂಡ ಅಂತೀರಿ!

ಪ್ಯೋಗೆ ಅವನಲ್ಲಿ ಹಿಡಿಸದ್ದು ಒಂದೇ. ನಮ್ಮಲ್ಲಿ ಕಿರಿಯ ಕ್ಯಾಚರ್ ಆದವನು, ವಯಸ್ಸಿನಲ್ಲಿ ದೊಡ್ಡವನಾದ ಆಟಗಾರ ಬ್ಯಾಟು ಹಿಡಿದು ಬಂದು ನಿಂತಾಗ, ಎದುರಾಳಿಯಾದರೂ ಸರಿ, ತಲೆ ಬಗ್ಗಿಸಿ ಮಾತಾಡಿಸಬೇಕು. ಅದರಲ್ಲೂ ಒಂದೇ ಸ್ಕೂಲಿನ ಹಿರಿಯನಾದರೆ ಬಿಡುವ ಹಾಗೇ ಇಲ್ಲ. ಗಿಸು ಮುಖದ ಕಂಬಿ ಜಾಲರಿ ಚೂರು ಎತ್ತಿ, "ಊಟ ಆಯ್ತಾ ಅಣ್ಣ?" ಅಂತ ಎಲ್ಲರನ್ನೂ ಕೇಳುತ್ತಿದ್ದ. ಅವರೂ "ಹ್ಞೂ ಕಣೋ, ನಿಂದಾಯ್ತಾ?" ಅಂದು ಬ್ಯಾಟೆತ್ತುತ್ತಿದ್ದರು. ಪ್ಯೋ ಮೈದಾನದ ಅಂಚಿನ ಬೆಂಚಿನಿಂದಲೇ ಕಿರುಚುತ್ತಿದ್ದ: "ಲೋ, ಮೈದಾನನ ಮದುವೆ ಚಪ್ಪರ ಮಾಡ್ಕೊಂಡಿದೀಯಾ? ಅವ್ನು ಉಂಡ್ರೆ ನಿಂಗೇನು, ಉಪವಾಸ ಇದ್ರೆ ನಿಂಗೇನು!" ಗಿಸು ತಲೆಯಾಡಿಸುತ್ತಿದ್ದ, ಮುಂದಿನವನು ಬಂದಾಗ ಮತ್ತೆ ಕೇಳುತ್ತಿದ್ದ. ಅದು ನಾಲಿಗೆಗೆ ಅಂಟಿದ ಮಾತು.

ಇನ್ನು ಒಕ್ ತೇಹುನ್ ವಿಷಯ. ಗಿಸುವಿನ ಸ್ಕೂಲಿನಲ್ಲೇ ಎರಡು ವರ್ಷ ಮುಂದಿದ್ದವನು, ಆಗ ರಾಜಧಾನಿ ಸೋಲ್ ಪಟ್ಟಣದ ತಂಡಕ್ಕೆ ಆಡುತ್ತಿದ್ದ. ಆಳು ಬಾಗಿಲು ತುಂಬುವಷ್ಟಿದ್ದ. ಅವನ ಬ್ಯಾಟು ಚೆಂಡನ್ನು ತಪ್ಪಿದ್ದು ಅಪರೂಪ. ಸ್ಕೂಲಿನಲ್ಲಿ ಗಿಸುವಿಗೆ ಕುಕ್ಕರಗಾಲಲ್ಲಿ ಕೂರುವುದನ್ನು ಕಲಿಸಿದವನು ಅವನೇ, ಕೂರಲಾರೆ ಅಂದಾಗ ಬಾರಿಸಿದವನೂ ಅವನೇ, ಬಾರಿಸಿದ ಮೇಲೆ ತನ್ನ ತಟ್ಟೆಯ ಮಾಂಸ ಎತ್ತಿ ಇವನ ಬಟ್ಟಲಿಗೆ ಹಾಕಿದವನೂ ಅವನೇ. ಅವನ ತಂಡ ಮಾಸಾನಿಗೆ ಬಂದಾಗಲೆಲ್ಲ ನನ್ನ ಅಂಗಡಿಗೆ ಬರುತ್ತಿದ್ದ. "ಚಿಕ್ಕಮ್ಮ, ನಮ್ಮ ಗೂಬೆಗೆ ಸರಿಯಾಗಿ ಹಾಕ್ತಿದೀರಾ? ಒಣಗಿಹೋಗಿದಾನಲ್ಲ!" ಅನ್ನುತ್ತಿದ್ದ. ಗೂಬೆ ಅಂದರೆ ಗಿಸು. ಗಿಸು ಕಿವಿವರೆಗೂ ಹಲ್ಲು ಬಿಡುತ್ತಿದ್ದ. ಅಪ್ಪನಿಲ್ಲದ ಮಗನಿಗೆ ಅಪ್ಪ, ಅಣ್ಣ ಎಲ್ಲಾ ಅವನೇ ಆಗಿದ್ದ ಅನ್ನಿ.

ಆಗಸ್ಟಿನಲ್ಲಿ ಸೋಲ್ ತಂಡದವರು ಬಂದ ಮೊದಲ ದಿನದ ಆಟದಲ್ಲಿ ತೇಹುನ್ ಓಡಿಬಂದು ಗುರಿ ಮುಟ್ಟಲು ನೆಲದ ಮೇಲೆ ಜಾರಿದಾಗ ಅವನ ಬೂಟಿನ ಮುಳ್ಳು ನಮ್ಮ ನಾಯಕನ ಮೊಣಕಾಲನ್ನು ಸೀಳಿಬಿಟ್ಟಿತು. ಬೇಕಂತ ಮಾಡಿದ್ದಲ್ಲ, ಕಣ್ಣಿದ್ದವರಿಗೆಲ್ಲ ಕಂಡಿತ್ತು. ಆದರೆ ಮೂಳೆ ಕಾಣುವಷ್ಟು ಗಾಯ. ನಮ್ಮೂರ ಜನವೋ, ಕೇಳಬೇಡಿ, ಗೆದ್ದರೆ ಕುಡಿದು ಬಾಟಲಿ ಒಡೆಯುವವರು, ಸೋತರೆ ಒಡೆದ ಬಾಟಲಿ ಹಿಡಿದು ಹುಡುಕುವವರು. ಅವತ್ತು ಸೋತಿದ್ದೆವು.

ಮರುದಿನ ಮಧ್ಯಾಹ್ನ ಆಟಕ್ಕೆ ಮುಂಚೆ ಪ್ಯೋ ನನ್ನ ಅಂಗಡಿಗೆ ಬಂದ. ಜೊತೆಗೆ ಪಿಚರ್ ಬಾಂಗ್ ಜುಂಗಿಲ್. ಅವನು ತಂಡದ ದೊಡ್ಡಣ್ಣ, ತೇಹುನ್‌ಗಿಂತಲೂ ಹಿರಿಯ. ಗಿಸುವನ್ನು ಕೂರಿಸಿಕೊಂಡು ಪ್ಯೋ ಸಾರು ಹೀರುತ್ತಾ ಹೇಳಿದ, ಸಂತೆ ಸಾಮಾನು ಹೇಳುವವನ ಹಾಗೆ:

"ಒಕ್ ತೇಹುನ್ ಮೊದಲ್ನೇ ಸಲ ಬಂದು ನಿಂತಾಗ ನಾನು ಕಿವಿ ಮುಟ್ಕೋತೀನಿ. ನೀನು ಹೆಬ್ಬೆರಳು ಅವನ ಕಡೆ ತೋರ್ಸು. ಜುಂಗಿಲ್ ಪಕ್ಕೆಗೆ ಬಿಡ್ತಾನೆ. ಮುಗೀತು."

ಚೆಂಡಿನಿಂದ ಬ್ಯಾಟು ಹಿಡಿದವನ ಮೈಗೇ ಹೊಡೆಯುವುದು! ಸೇಡಿಗೆ ಸೇಡು. ಗಿಸುವಿನ ಕೈಯ ಚಮಚ ನಿಂತಿತು.

"ಸಾರ್... ಅವರು ನಮ್ಮ ಸ್ಕೂಲಿನ ಅಣ್ಣ."

ಪ್ಯೋ ಕೈಯಲ್ಲಿದ್ದ ಬಟ್ಟಲನ್ನು ಹಾಗೇ ಬೀಸಿದ. ಬಟ್ಟಲು ಗಿಸುವಿನ ಹಣೆಗೆ ಬಡಿದು ಚೂರಾಯಿತು, ಬಿಸಿ ಸಾರು ಕತ್ತಿನಿಂದ ಎದೆಗಿಳಿಯಿತು. ಅವನು ಕೂತಲ್ಲಿಂದ ಅಲುಗಲಿಲ್ಲ. ಹಣೆಯ ರಕ್ತ ಹುಬ್ಬಿಗೆ ಬಂತು.

"ಸ್ಕೂಲಿಗೇ ಹೋಗು ಹಾಗಾದ್ರೆ! ನಾಳೆನೇ ತಲೆ ಬೋಳಿಸ್ಕೊಂಡು ಹೊರಡು! ಅನ್ನ ಹಾಕೋನು ನಾನೋ, ನಿನ್ನ ಅಣ್ಣನೋ?"

ನನಗೆ ತಡೆಯಲಿಲ್ಲ. "ಮ್ಯಾನೇಜರ್ರೇ, ಅನ್ನ ಹಾಕೋಳು ನಾನು! ಅದು ನನ್ನ ಸಾರು, ನಿಮ್ಮಪ್ಪನ ಮನೆ ಚರಂಡಿ ನೀರಲ್ಲ ಬಂದೋರ ಮೇಲೆ ಎರಚೋಕೆ!" ಅಂದೆ.

"ಅಮ್ಮಾ, ನೀವು ಒಲೆ ನೋಡ್ಕೊಳ್ಳಿ," ಅಂದ ಪ್ಯೋ, ನನ್ನ ಕಡೆ ನೋಡಲೂ ಇಲ್ಲ.

ಅವರು ಹೊರಡುವಾಗ ಗಿಸು ಬಾಗಿಲಲ್ಲಿ ಜುಂಗಿಲ್‌ನ ತೋಳು ಹಿಡಿದುಕೊಂಡ. "ಅಣ್ಣ, ಪಕ್ಕೆಗೆ ತಾನೆ? ಮೇಲೆ ಬೇಡ ಅಣ್ಣ, ಕಾಲಿಗೆ ಬೀಳ್ತೀನಿ."

"ಪಕ್ಕೆಗೇ ಕಣೋ. ನಾನೇನು ಕೊಲೆಗಾರನಾ?" ಅಂದ ಜುಂಗಿಲ್. ಆ ಮಾತು ಸುಳ್ಳಾಗಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಆಟದ ದಿನಗಳಲ್ಲಿ ನಾನು ಕ್ಯಾಚರ್ ಬೆನ್ನ ಹಿಂದಿನ ಬಲೆಯ ಪಕ್ಕ ಇದ್ದಿಲ ಒಲೆ ಇಟ್ಟುಕೊಂಡು ಒಣ ಬೊಂಡಾಸ ಮೀನು ಸುಟ್ಟು ಮಾರುತ್ತಿದ್ದೆ. ಅಲ್ಲಿಂದ ಎಲ್ಲಾ ಕಾಣುತ್ತೆ, ಜನ ಗದ್ದಲ ಮಾಡದಿದ್ದರೆ ಮಾತೂ ಕೇಳುತ್ತೆ. ತೇಹುನ್ ಬ್ಯಾಟು ಹೆಗಲ ಮೇಲಿಟ್ಟುಕೊಂಡು ಬಂದ. ಜನ "ಕೊಲ್ರೋ ಅವನ್ನ!" ಅಂತ ಕೂಗಿದರು. ಅವನು ನಗುತ್ತಲೇ ಬಂದು ನಿಂತು ಬೂಟಿನಲ್ಲಿ ಮಣ್ಣು ಕೆದರಿದ. ಆಮೇಲೆ ಸ್ವಲ್ಪ ತಡೆದ. ಗಿಸು ಮಾತಾಡಿಸಲಿ ಅಂತ.

ಗಿಸು ಮಾತಾಡಿಸಲಿಲ್ಲ. ಜಾಲರಿ ಎತ್ತಲಿಲ್ಲ. ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಅತ್ತ ಪ್ಯೋ ಕಿವಿ ಮುಟ್ಟಿಕೊಂಡ. ಗಿಸುವಿನ ಬಲಗೈ ತೊಡೆ ಸಂದಿಗೆ ಹೋಯಿತು. ಹೆಬ್ಬೆರಳು ತೋರಿಸಿದನೋ ಇಲ್ಲವೋ ನನಗೆ ಕಾಣಲಿಲ್ಲ. ಜುಂಗಿಲ್ ಕಾಲೆತ್ತಿ ಎಸೆಯಲು ಮೈ ತಿರುಗಿಸಿದ.

ತೇಹುನ್‌ಗೆ ಅದೇನನ್ನಿಸಿತೋ. ತನ್ನ ಗೂಬೆ ತನ್ನನ್ನು ಮಾತಾಡಿಸದೆ ಕೂತಿದೆಯಲ್ಲ! ಹುಷಾರಿಲ್ಲವೇನೋ, ಯಾರಾದರೂ ಬಡಿದರೇನೋ ಅಂತ ಬಂದಿರಬೇಕು ಮನಸ್ಸಿಗೆ. ಬೇರೆ ಯಾವ ದೇಶದವನಾದರೂ ಎದುರಿನ ಪಿಚರ್‌ನನ್ನೇ ನೋಡುತ್ತಿದ್ದ. ಇವನು ಬಗ್ಗಿ, ಹಿಂದಕ್ಕೆ ತಿರುಗಿ, ಜಾಲರಿಯೊಳಗೆ ಇಣುಕಿದ.

"ಏನೋ ಗಿಸು, ಮಾತು ಬಿ..."

ಗಿಸು ಗ್ಲೌಸು ಚಾಚಿಕೊಂಡು ನೆಗೆದ. ಸಿಗಲಿಲ್ಲ. ಪಕ್ಕೆಗೆ ಅಂತ ಬಿಟ್ಟ ಚೆಂಡು ಬಗ್ಗಿದ್ದ ಮುಖಕ್ಕೆ ಬಂತು. ಎಡಗಣ್ಣಿಗೆ ಸರಿಯಾಗಿ. ಹಸಿ ಕುಂಬಳಕಾಯಿ ಕಲ್ಲಿನ ಮೇಲೆ ಬಿದ್ದಂಥ ಸದ್ದು. ಅಯ್ಯೋ, ಆ ಸದ್ದು! ತೇಹುನ್ ನಿಂತ ಹಾಗೇ ಕುಸಿದ, ಬೆರಳುಗಳ ಸಂದಿಯಿಂದ ರಕ್ತ ಮೊಣಕೈವರೆಗೆ ಹರಿಯಿತು.

ಆಮೇಲೆ ಶುರುವಾಯಿತು. ಸೋಲ್‌ನವರ ಇಡೀ ತಂಡಕ್ಕೆ ತಂಡವೇ ಬ್ಯಾಟು ಹಿಡಿದು ನುಗ್ಗಿತು. ಇಬ್ಬರು ಜುಂಗಿಲ್‌ನನ್ನು ಕೆಡವಿ ಬಾಯಿಗೆ ಗುದ್ದಿದರು. ನಮ್ಮವರು ನುಗ್ಗಿದರು. ಪ್ಯೋ ಯಾರದೋ ಜುಟ್ಟು ಹಿಡಿದು ತಲೆಯನ್ನು ಕಂಬಕ್ಕೆ ಬಡಿಯುತ್ತಿದ್ದ. ಗಿಸು ಮಾತ್ರ ಯಾರಿಗೂ ಕೈ ಎತ್ತಲಿಲ್ಲ, ತೇಹುನ್ ಮೇಲೆ ಬೋರಲು ಬಿದ್ದು ಅವನ ತಲೆಯನ್ನು ತನ್ನ ಎದೆಯಡಿ ಮುಚ್ಚಿಕೊಂಡ. ಸೋಲ್ ತಂಡದವರು ಅವನನ್ನು ಎಳೆಯಲು ನೋಡಿದರು, ಬರಲಿಲ್ಲ. ಒದ್ದರು. ಬೂಟಿನ ಮುಳ್ಳಿನಲ್ಲಿ ಬೆನ್ನು, ಕತ್ತು, ಕೈ ಎಲ್ಲ ತುಳಿದರು. "ಬಿಡೋ ನಾಯಿ, ಕೊಂದಿದ್ದು ಸಾಲ್ದಾ!" ಅಂತ ಒಬ್ಬ ಬ್ಯಾಟಿನಲ್ಲೇ ಬಿಟ್ಟ. ಅಷ್ಟರಲ್ಲಿ ನಮ್ಮ ಜನ ಬೇಲಿ ಹತ್ತಿ ಇಳಿದಿದ್ದರು. ಸೋಜು ಸಾರಾಯಿಯ ಬಾಟಲಿಗಳು ಆಲಿಕಲ್ಲಿನ ಹಾಗೆ ಬಿದ್ದವು. ಸ್ಟ್ರೆಚರ್ ಬಂದಾಗ ಒಬ್ಬ ಕುಡುಕ ಅದರ ಮೇಲೆಯೇ ಗುರಿಯಿಟ್ಟು ಬಾಟಲಿ ಎತ್ತಿದ. ನಾನು ಕಾದ ಇಕ್ಕಳ ಹಿಡಿದು ಅವನ ಮೊಣಕೈಗೆ ಬಿಟ್ಟೆ. ಚರ್ಮ ಚುರ್ರೆಂದಿತು, ಹಂದಿಯ ಹಾಗೆ ಕಿರುಚಿದ. ಇವತ್ತಿಗೂ ನನಗೆ ಅದರ ಬಗ್ಗೆ ಬೇಜಾರಿಲ್ಲ. ಪೊಲೀಸರು ಬರುವಷ್ಟರಲ್ಲಿ ಸೋಲ್ ತಂಡದವರ ಬಸ್ಸಿನಲ್ಲಿ ಒಂದು ಗಾಜೂ ಉಳಿದಿರಲಿಲ್ಲ.

ತೇಹುನ್ ಕಣ್ಣು ಹೋಯಿತು. ಡಾಕ್ಟರು ಅದನ್ನು ತೆಗೆದೇಬಿಟ್ಟರು.

ಆ ವಾರದ ಕೊನೆಗೆ ಪ್ಯೋ ತಂಡವನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದ. ಗಿಸು ಬೆನ್ನಿಗೆಲ್ಲ ಪಟ್ಟಿ ಕಟ್ಟಿಸಿಕೊಂಡು ಮೂಲೆಯಲ್ಲಿದ್ದ. ಪ್ಯೋ ಅವನನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನೋಡ್ರೋ, ಪೆದ್ದ ಅನ್ಕೊಂಡಿದ್ವಿ. ಭಲೇ ಕಿಲಾಡಿ ಇವ್ನು! ದಿನಾ ಊಟ ಆಯ್ತಾ, ಊಟ ಆಯ್ತಾ ಅನ್ನೋನು ಅವತ್ತು ಬಾಯಿ ಮುಚ್ಕೊಂಡು ಕೂತ. ಯಾಕೆ ಹೇಳಿ? ಅವ್ನು ತಿರುಗ್ಲಿ ಅಂತ! ಕ್ಯಾಚರ್ ತಲೆ ಅಂದ್ರೆ ಇದು. ಮುಂದಿನ ವರ್ಷದ ಜಾಗ ನಿಂದೇ ಕಣೋ!"

ಎಲ್ಲರೂ ಹೋ ಅಂದರು. ಬೆನ್ನು ತಟ್ಟಿದರು, ಅದೇ ಗಾಯದ ಬೆನ್ನನ್ನು. ಪ್ಯೋ ಸೋಜು ಸುರಿದ. ನಮ್ಮಲ್ಲಿ ದೊಡ್ಡವರು ಕೊಟ್ಟದ್ದನ್ನು ಬೇಡ ಅನ್ನುವ ಹಾಗಿಲ್ಲ. ಗಿಸು ಎರಡೂ ಕೈಯಲ್ಲಿ ತಗೊಂಡ, ಮರ್ಯಾದೆಗೆ ಮುಖ ಪಕ್ಕಕ್ಕೆ ತಿರುಗಿಸಿ ಕುಡಿದ. ಆ ಲೋಟವನ್ನು ಪ್ಯೋ ಮೂತಿಗೆ ಬಡಿಯಬಾರದೇ ಅಂತ ನನ್ನ ಕೈ ಕಡಿಯುತ್ತಿತ್ತು. ಅವನು ಕುಡಿದು, ಲೋಟ ವಾಪಸ್ ಕೊಟ್ಟು, ಹೊರಗೆ ಹೋಗಿ ಚರಂಡಿಗೆ ವಾಂತಿ ಮಾಡಿದ.

ನಾನು ನೀರು ತಗೊಂಡು ಹೋದೆ.

"ಬೇಕಂತ ಮಾಡಿದ್ದಲ್ಲ ಅಂತ ಹೇಳೋ ಅವರಿಗೆ!"

"ಹೇಳಿದ್ರೆ ಕಣ್ಣು ಬರುತ್ತಾ ಚಿಕ್ಕಮ್ಮ?" ಬಾಯಿ ಒರೆಸಿಕೊಂಡ. "ಆಟ ಬಿಡ್ತೀನಿ. ತೇಹುನ್ ಅಣ್ಣನಿಗೆ ಹೇಳಿ ಆಮೇಲೆ ಬಿಡ್ತೀನಿ. ಒಬ್ನೇ ಹೋಗೋಕೆ ಮುಖ ಇಲ್ಲ. ನೀವು ಬನ್ನಿ."

ಮರುದಿನ ಚಿಪ್ಪುಮೀನಿನ ಗಂಜಿ ಮಾಡಿಕೊಂಡು ಆಸ್ಪತ್ರೆಗೆ ಹೊರಟೆವು. ತೇಹುನ್ ಮುಖದ ಅರ್ಧಕ್ಕೆ ಬಟ್ಟೆ ಸುತ್ತಿತ್ತು. ಅಲುಗಾಡಬಾರದು ಅಂತ ಅಷ್ಟು ದಿನ ಮಲಗಿಸಿಯೇ ಇಟ್ಟಿದ್ದರಂತೆ, ಅವತ್ತು ಬೆಳಿಗ್ಗೆ ತಾನೇ ಎದ್ದು ಕೂರಲು ಬಿಟ್ಟಿದ್ದರು. ಮಂಚದ ತಲೆಯ ಹತ್ತಿರ ಗೋಡೆಗೆ ಅವನ ಬ್ಯಾಟು ಒರಗಿಸಿತ್ತು. ನನ್ನನ್ನು ನೋಡಿ ಮೊದಲು ಹೇಳಿದ್ದು ಅದನ್ನೇ: "ಒಂದು ಕಣ್ಣು ಸಾಕಂತೆ ಚಿಕ್ಕಮ್ಮ. ಡಾಕ್ಟ್ರು ಹೇಳಿದಾರೆ. ಈ ಚಳಿಗಾಲ ಕಳೀಲಿ, ಬಂದು ನಿಮ್ಮೂರ ಬೇಲಿ ಮುರೀತೀನಿ."

ಗಿಸು ಬಾಗಿಲಲ್ಲೇ ಮಂಡಿಯೂರಿ ಕೂತುಬಿಟ್ಟಿದ್ದ. ತೇಹುನ್ ಅವನ ಕಡೆ ತಿರುಗಿದ.

"ಬೇಕಂತ ಮಾತಾಡಿಸ್ಲಿಲ್ಲ ಅಂತ ಊರೆಲ್ಲ ಹೇಳ್ತಿದೆ. ಹೌದೇನೋ?"

"ಬೆರಳು ತೋರ್ಸಿದ್ದು ನಾನೇ ಅಣ್ಣ. ಅದು ನಿಜ. ಪಕ್ಕೆಗೆ ಅಂದಿದ್ರು." ಗಿಸು ನೆಲಕ್ಕೆ ಹಣೆ ಊರಿದ. "ಹೊಡ್ಸೋಕೆ ಕೂತು, ಊಟ ಆಯ್ತಾ ಅಂತ ಹೇಗೆ ಕೇಳ್ಲಿ? ಬಾಯಿ ಬರ್ಲಿಲ್ಲ."

"ಪೆದ್ದು ಮುಂಡೇದೇ," ಅಂದ ತೇಹುನ್, ಮೆತ್ತಗೆ. "ಕೇಳಿದ್ದಿದ್ರೆ ನಾನು ಮುಂದಕ್ಕೆ ನೋಡ್ತಿದ್ದೆ. ಒಂದು ಪಕ್ಕೆಲುಬು ಹೋಗ್ತಿತ್ತು, ಅಷ್ಟೇ. ಸುಳ್ಳಿಗಾದ್ರೂ ಕೇಳ್ಬಾರ್ದಿತ್ತೇನೋ?"

ಗಿಸು ಮಂಡಿಯಲ್ಲೇ ಮಂಚದವರೆಗೆ ಬಂದ. "ಆಟ ಬಿಡ್ತೀನಿ ಅಣ್ಣ. ಇವತ್ತೇ ಬಿಡ್ತೀನಿ."

ಅಲ್ಲಿಯವರೆಗೆ ತಣ್ಣಗಿದ್ದವನು ಆ ಮಾತಿಗೆ ಕೆರಳಿಬಿಟ್ಟ. "ಏನಂದೆ? ನನ್ನ ಕಣ್ಣು ನುಂಗಿ ಸಿಕ್ಕಿದ ಜಾಗ ಅದು! ಅದನ್ನೂ ಬಿಸಾಕ್ತೀಯಾ? ಹಾಗಾದ್ರೆ ನನ್ನ ಕಣ್ಣು ಯಾತಕ್ಕೆ ಹೋಯ್ತೋ, ಬೋಳಿಮಗನೇ!" ಅಂತ ಬಲಗೈ ಎತ್ತಿ ಕೆನ್ನೆಗೆ ಬೀಸಿದ.

ಕೈ ಗಾಳಿಗೆ ಹೋಯಿತು. ಗಿಸುವಿನ ಮುಖಕ್ಕೂ ಕೈಗೂ ನಡುವೆ ಒಂದು ಗೇಣು. ಗಿಸು ತಪ್ಪಿಸಿಕೊಂಡಿರಲಿಲ್ಲ, ಕಣ್ಣು ಕೂಡ ಮಿಟುಕಿಸಿರಲಿಲ್ಲ. ತೇಹುನ್ ತಬ್ಬಿಬ್ಬಾದ. ಮತ್ತೆ ಬೀಸಿದ, ಈ ಸಲ ನೋಡಿ, ಅಳೆದು. ಮತ್ತೆ ಹಾಗೇ, ಗಾಳಿಗೆ. ಒಂದೇ ಕಣ್ಣಿಗೆ ದೂರ ಯಾವುದು, ಹತ್ತಿರ ಯಾವುದು ಸಿಗುತ್ತಿರಲಿಲ್ಲ.

ಅವನು ತನ್ನ ಕೈ ನೋಡಿಕೊಂಡ. ಗೋಡೆಗೊರಗಿದ್ದ ಬ್ಯಾಟನ್ನು ನೋಡಿದ. ಅಲುಗದೆ ಕೂತ ಮುಖವನ್ನೇ ಮುಟ್ಟಲಾಗದವನು ಹಾರಿಬರುವ ಚೆಂಡನ್ನು ಇನ್ನೇನು ಹೊಡೆದಾನು? ನಾವು ಮೂವರೂ ಅದನ್ನೇ ಯೋಚಿಸುತ್ತಿದ್ದೆವು.

ಮೂರನೇ ಸಲ ಕೈ ಎದ್ದಾಗ ಗಿಸು ಕುತ್ತಿಗೆ ಚಾಚಿದ. ಕೈ ಎಲ್ಲಿಗೆ ಬರುತ್ತಿತ್ತೋ ಸರಿಯಾಗಿ ಅಲ್ಲಿಗೆ ಮುಖ ತಂದುಕೊಟ್ಟ. ಕೋಣೆಯೆಲ್ಲ ಕೇಳುವ ಹಾಗೆ ಏಟು ಬಿತ್ತು. ತುಟಿ ಒಡೆದು ರಕ್ತ ಬಂತು.

"ಬಿತ್ತು ಅಣ್ಣ," ಅಂದ ಗಿಸು. "ಸರಿಯಾಗೇ ಬಿತ್ತು."

"ಸುಳ್ಳು ಹೇಳ್ತೀಯೇನೋ? ನೀನೇ ಮುಂದೆ ಬಂದೆ," ಅಂದ ತೇಹುನ್. ಅಂದವನು ಗಿಸುವಿನ ಕತ್ತು ತಡಕಾಡಿ ಹಿಡಿದುಕೊಂಡ, ಹೋ ಎಂದು ಅಳಲು ಶುರುಮಾಡಿದ. "ಆಟ ಬಿಟ್ರೆ ಕೊಂದುಹಾಕ್ತೀನಿ ನಿನ್ನ. ಹೋಗಿ ಕೂತ್ಕೋ. ಕೇಳಿಸ್ತಾ? ಹೋಗಿ ಕೂತ್ಕೋ."

"ಕೂತ್ಕೋತೀನಿ ಅಣ್ಣ," ಅನ್ನುತ್ತಿದ್ದ ಗಿಸು, ಅವನ ಎದೆಯೊಳಗಿಂದ. ನಾನು ಬ್ಯಾಟು ಎತ್ತಿಕೊಂಡು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.